ಅಲಿಗಢದ ಆಲಾ ಬೀ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರು ಶುಕ್ರವಾರ, ವಿನೋಬನಗರದ ನಮ್ಮ ಮಸೀದಿಯಲ್ಲಿ ಜುಮಾ ಬಯಾನ್ ಮಾಡುವಾಗ ನಾವು ಒಬ್ಬ ತಾಯಿಯ ಹೆಸರು ಹೇಳಿದ್ದೆವು. ಸಮಯ ಕಡಿಮೆ ಇತ್ತು. ಎರಡು ಮಾತಿನಲ್ಲಿ ಹೇಳಿ ಖುತ್ಬಾಕ್ಕೆ ನಿಂತೆವು. ನಮಾಝ್ ಮುಗಿದ ಮೇಲೆ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಮೂರ್ನಾಲ್ಕು ಜನ, "ಹಜರತ್, ಆ ಆಲಾ ಬೀ ಅಂದ್ರಲ್ಲ, ಅವರು ಯಾರು? ಪೂರ್ತಿ ಹೇಳಲೇ ಇಲ್ಲ" ಎಂದು ಕೇಳಿದರು. ಪತ್ರಿಕೆಯ ಸಂಪಾದಕರೂ ಆ ವಾರದ ಸಾರಾಂಶಕ್ಕೆ ಬದಲು ಈ ಚರಿತ್ರೆಯನ್ನೇ ಬರೆದುಕೊಡಿ ಎಂದರು. ಅದಕ್ಕೇ ಈ ಲೇಖನ.

ಹೆಣ್ಣುಮಕ್ಕಳ ವಿದ್ಯೆಯ ಮಾತು ಬಂದಾಗ ನಮ್ಮಲ್ಲಿ ಎಲ್ಲರೂ ಮೊರಾಕ್ಕೋದ ಫಾತಿಮಾ ಅಲ್ ಫಿಹ್ರಿಯವರ ಕಥೆ ಹೇಳುತ್ತಾರೆ. ವಾಟ್ಸಾಪಿನಲ್ಲೂ ಅದೇ ಓಡಾಡುತ್ತದೆ. ಒಳ್ಳೆಯದೇ. ಆದರೆ ಅದು ಸಾವಿರ ವರ್ಷಕ್ಕೂ ಹಿಂದಿನ ಮಾತು, ದೂರದ ದೇಶದ ಮಾತು. ನಮ್ಮದೇ ದೇಶದಲ್ಲಿ, ನಮ್ಮ ಮುತ್ತಜ್ಜಿಯರ ಕಾಲದಲ್ಲಿ, ನಮ್ಮಂಥದೇ ಭಯ ನಮ್ಮಂಥದೇ ಸಂಕೋಚ ಇದ್ದ ಮನೆಗಳ ನಡುವೆ ಒಬ್ಬ ತಾಯಿ ಮಾಡಿದ ಕೆಲಸವನ್ನು ತಿಳಿದುಕೊಳ್ಳುವುದು ನಮಗೆ ಹೆಚ್ಚು ಹತ್ತಿರವಾದೀತು ಎಂದು ಅನಿಸಿತು.

ಅವರ ಹೆಸರು ವಹೀದ್ ಜಹಾನ್ ಬೇಗಂ. ದಿಲ್ಲಿಯವರು. ತಂದೆ ಮಿರ್ಝಾ ಇಬ್ರಾಹೀಂ ಬೇಗ್. ಶಾಲೆಯ ಮುಖ ಕಂಡವರಲ್ಲ, ಮನೆಯಲ್ಲೇ ಉರ್ದು, ಫಾರ್ಸಿ ಕಲಿತವರು. 1902ರಲ್ಲಿ ಅವರ ನಿಕಾಹ್ ಅಲಿಗಢದ ವಕೀಲ ಶೇಖ್ ಅಬ್ದುಲ್ಲಾ ಅವರೊಂದಿಗೆ ಆಯಿತು. ಈ ಶೇಖ್ ಅಬ್ದುಲ್ಲಾ ಕಾಶ್ಮೀರದ ರಾಜಕಾರಣಿಯಲ್ಲ, ಬೇರೆಯವರು. ಇವರೂ ಕಾಶ್ಮೀರದ ಕಡೆಯವರೇ, ಪೂಂಛ್ ಪ್ರದೇಶದ ಪಂಡಿತ ಮನೆತನದಲ್ಲಿ 1874ರಲ್ಲಿ ಹುಟ್ಟಿದವರು. ವಿದ್ಯಾರ್ಥಿಯಾಗಿದ್ದಾಗಲೇ ಇಸ್ಲಾಂ ಸ್ವೀಕರಿಸಿ, ಅಲಿಗಢಕ್ಕೆ ಬಂದು ಸರ್ ಸೈಯದ್ ಅಹ್ಮದ್ ಖಾನರ ಕಾಲೇಜಿನಲ್ಲಿ ಓದಿ ವಕೀಲರಾದರು. ಬೇಗಂ ಅವರ ಸಹೋದರ ಅದೇ ಕಾಲೇಜಿನಲ್ಲಿ ಇವರ ಸ್ನೇಹಿತ. ಸಂಬಂಧ ಕೂಡಿದ್ದು ಹಾಗೆ.

ಸರ್ ಸೈಯದ್ 1875ರಲ್ಲಿ ಅಲಿಗಢದಲ್ಲಿ ಶಾಲೆ ಆರಂಭಿಸಿದರು, 1877ರಲ್ಲಿ ಅದು ಕಾಲೇಜಾಯಿತು. ಮುಸಲ್ಮಾನರ ಗಂಡುಮಕ್ಕಳು ಇಂಗ್ಲಿಷ್ ಕಲಿಯಬೇಕು ಎಂದು ಅವರು ಪಟ್ಟ ಕಷ್ಟ, ಕೇಳಿದ ಬೈಗುಳ ಎಲ್ಲರಿಗೂ ತಿಳಿದದ್ದೇ. ಆದರೆ ಹೆಣ್ಣುಮಕ್ಕಳ ಶಾಲೆಯ ವಿಷಯದಲ್ಲಿ ಅವರ ನಿಲುವು ಬೇರೆಯಾಗಿತ್ತು. 1882ರ ಹಂಟರ್ ಆಯೋಗದ ಮುಂದೆ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಸಂಭಾವಿತ ಮುಸಲ್ಮಾನರು ಹೆಣ್ಣುಮಕ್ಕಳನ್ನು ಸರ್ಕಾರದ ಶಾಲೆಗೆ ಕಳಿಸುವುದಿಲ್ಲ, ಮೊದಲು ಗಂಡಸರು ಓದಲಿ, ಅವರು ಓದಿದರೆ ಮನೆಯ ಹೆಂಗಸರಿಗೂ ತಾನಾಗಿ ವಿದ್ಯೆ ಇಳಿಯುತ್ತದೆ. ಅಷ್ಟು ದೊಡ್ಡ ಮನುಷ್ಯನ ಈ ಲೆಕ್ಕ ತಪ್ಪಿತು ಎಂದು ಹೇಳಲು ನಮಗೆ ಹಿಂಜರಿಕೆಯಿಲ್ಲ. ವಿದ್ಯೆ ನೀರಿನ ಹಾಗೆ ತಾನಾಗಿ ಇಳಿಯಲಿಲ್ಲ. ಗಂಡ ಬಿ.ಎ. ಓದಿ ಬಂದ, ಹೆಂಡತಿ ಅವನ ಪತ್ರವನ್ನು ಇನ್ನೊಬ್ಬರಿಂದ ಓದಿಸಿಕೊಂಡಳು. ಎಷ್ಟೋ ಮನೆಗಳಲ್ಲಿ ಅಷ್ಟೇ ಆಯಿತು.

ಆ ಕಾಲದವರು ಹೆಣ್ಣುಮಕ್ಕಳು ಓದಲೇಬಾರದು ಎನ್ನುತ್ತಿದ್ದರು ಎಂದು ತಿಳಿಯುವುದೂ ತಪ್ಪು. ಡೆಪ್ಯುಟಿ ನಝೀರ್ ಅಹ್ಮದ್ 1869ರಲ್ಲೇ ಅಕ್ಬರಿ, ಅಸ್ಗರಿ ಎಂಬ ಅಕ್ಕತಂಗಿಯರ ಕಥೆ ಬರೆದು, ಓದಿದ ಹೆಣ್ಣು ಮನೆಯನ್ನು ಹೇಗೆ ನಡೆಸುತ್ತಾಳೆಂದು ತೋರಿಸಿದ್ದರು. ಲಾಹೋರಿನಲ್ಲಿ 1898ರಲ್ಲಿ 'ತಹಝೀಬೆ ನಿಸ್ವಾನ್' ಎಂಬ ಹೆಂಗಸರ ಪತ್ರಿಕೆ ಶುರುವಾಯಿತು, ಅದರ ಸಂಪಾದಕಿ ಮುಹಮ್ಮದಿ ಬೇಗಂ ಎಂಬ ಮಹಿಳೆ. ನಮ್ಮ ಎಷ್ಟೋ ಮನೆಗಳಲ್ಲಿ ಮದುವೆಯಲ್ಲಿ ಮಗಳ ಕೈಗೆ ಕೊಡುವ 'ಬಹಿಶ್ತಿ ಝೇವರ್' ಬಂದದ್ದೂ 20ನೇ ಶತಮಾನದ ಆರಂಭದಲ್ಲೇ. ಅದನ್ನು ಬರೆದ ಮೌಲಾನಾ ಅಶ್ರಫ್ ಅಲಿ ಥಾನವಿಯವರು ಅಕ್ಷರದಿಂದ ಶುರುಮಾಡಿ ಪತ್ರ ಬರೆಯುವುದು, ಮನೆಯ ಲೆಕ್ಕ ಇಡುವುದರವರೆಗೆ ಹೆಣ್ಣುಮಕ್ಕಳಿಗೆ ಕಲಿಸಿಕೊಟ್ಟರು. ಆ ಪುಸ್ತಕವನ್ನು ಅಟ್ಟದ ಮೇಲಿಟ್ಟು ಹೆಣ್ಣಿಗೆ ಓದು ಬೇಡ ಎನ್ನುವವರು ಅದರ ಮೊದಲ ಭಾಗವನ್ನಾದರೂ ಒಮ್ಮೆ ತೆರೆದು ನೋಡಬೇಕು. ಹಾಗಾದರೆ ಜಗಳ ಎಲ್ಲಿತ್ತು? ಓದುವುದರ ಬಗ್ಗೆ ಇರಲಿಲ್ಲ, ಹೊಸ್ತಿಲು ದಾಟುವುದರ ಬಗ್ಗೆ ಇತ್ತು. ಮನೆಯಲ್ಲಿ ಉಸ್ತಾನಿ ಬಂದು ಕಲಿಸಿದರೆ ಸರಿ. ಮಗಳು ಹೊರಗೆ ಹೋಗಿ ಕಲಿತರೆ? ದಾರಿಯಲ್ಲಿ ಯಾರು ನೋಡುತ್ತಾರೆ, ಅಲ್ಲಿ ಯಾರಿರುತ್ತಾರೆ, ಕತ್ತಲಾದರೆ ಯಾರು ಹೊಣೆ?

ಈ ಪ್ರಶ್ನೆಗಳನ್ನು ನಗುವ ಹಾಗಿಲ್ಲ. ನಮ್ಮ ವಿನೋಬನಗರದ ತಂದೆಯೂ ಇವತ್ತಿಗೂ ಇವನ್ನೇ ಕೇಳುತ್ತಾನೆ.

ಮುಸ್ಲಿಂ ಎಜುಕೇಶನಲ್ ಕಾನ್ಫರೆನ್ಸಿನಲ್ಲಿ ಹೆಣ್ಣುಮಕ್ಕಳ ವಿದ್ಯೆಗೆಂದು ಒಂದು ವಿಭಾಗ 1896ರಲ್ಲೇ ಆಗಿತ್ತು. ಆಗಿತ್ತು ಅಷ್ಟೇ, ಠರಾವು ಪಾಸಾಗುತ್ತಿತ್ತು, ಕಾಗದದಲ್ಲಿ ಉಳಿಯುತ್ತಿತ್ತು. ಶೇಖ್ ಅಬ್ದುಲ್ಲಾ 1902ರಲ್ಲಿ ಅದರ ಕಾರ್ಯದರ್ಶಿಯಾದರು, ಅದೇ ವರ್ಷ ಮದುವೆಯೂ ಆಯಿತು. 1904ರಲ್ಲಿ ಗಂಡಹೆಂಡತಿ ಸೇರಿ 'ಖಾತೂನ್' ಎಂಬ ಉರ್ದು ಮಾಸಿಕ ಹೊರಡಿಸಿದರು. ಮೊದಲು ಅವರ ಯೋಜನೆ ಉಸ್ತಾನಿಯರನ್ನು ತಯಾರು ಮಾಡುವ ತರಬೇತಿ ಶಾಲೆ ತೆರೆಯುವುದಾಗಿತ್ತು. ಕಲಿಸುವವರಿಲ್ಲದೆ ಕಲಿಯುವವರೆಲ್ಲಿ ಎಂಬುದು ಅವರ ಲೆಕ್ಕ. ಆದರೆ ಉಸ್ತಾನಿಯಾಗಲು ಬರುವ ಹೆಣ್ಣಿಗೂ ಮೊದಲು ಅಕ್ಷರ ಬರಬೇಕಲ್ಲ. ಕೊನೆಗೆ ಮೊದಲ ಮೆಟ್ಟಿಲಿನಿಂದಲೇ ಶುರುಮಾಡುವುದೆಂದು ಆಯಿತು.

ಅಲಿಗಢ ಕಾಲೇಜಿನ ಹಿರಿಯರಲ್ಲೇ ಹಲವರಿಗೆ ಇದು ಒಪ್ಪಿಗೆ ಇರಲಿಲ್ಲ. ಹಣದ ಬಾಗಿಲು ತೆರೆದವರು ಒಬ್ಬ ಮಹಿಳೆ, ಭೋಪಾಲದ ನವಾಬ್ ಸುಲ್ತಾನ್ ಜಹಾನ್ ಬೇಗಂ. ಭೋಪಾಲದಲ್ಲಿ 1819ರಿಂದ 1926ರವರೆಗೆ ನಾಲ್ಕು ತಲೆಮಾರು ಬೇಗಂಗಳೇ ರಾಜ್ಯವಾಳಿದರು, ಇವರು ನಾಲ್ಕನೆಯವರು. ಬುರ್ಖಾ ಧರಿಸಿಯೇ ದರ್ಬಾರು ನಡೆಸಿದವರು. ಅಲಿಗಢದ ಹೆಣ್ಣುಮಕ್ಕಳ ಶಾಲೆಗೆ ತಿಂಗಳಿಗೆ 100 ರೂಪಾಯಿ ಕೊಡಲು ಒಪ್ಪಿದರು. ಮುಂದೆ 1920ರಲ್ಲಿ ಕಾಲೇಜು ಮುಸ್ಲಿಂ ವಿಶ್ವವಿದ್ಯಾಲಯವಾದಾಗ ಅದರ ಮೊದಲ ಕುಲಾಧಿಪತಿಯಾದವರೂ ಇವರೇ. ಗಂಡುಮಕ್ಕಳಿಗೆಂದು ಕಟ್ಟಿದ ಸಂಸ್ಥೆಗೆ ಮೊದಲ ಕುಲಾಧಿಪತಿ ಒಬ್ಬ ಹೆಣ್ಣು!

1906ರ ಅಕ್ಟೋಬರ್ 19ರಂದು ಊರೊಳಗೆ ಬಾಡಿಗೆ ಮನೆಯೊಂದರಲ್ಲಿ ಶಾಲೆ ಶುರುವಾಯಿತು. ದಿಲ್ಲಿಯಿಂದ ಕರೆಸಿದ ಒಬ್ಬ ಉಸ್ತಾನಿ, ಬೆರಳೆಣಿಕೆಯ ಹುಡುಗಿಯರು. ಕುರ್‌ಆನ್, ಉರ್ದು, ಲೆಕ್ಕ, ಹೊಲಿಗೆ ಅಲ್ಲಿಯ ಪಾಠ.

ಹುಡುಗಿಯರು ಶಾಲೆಗೆ ಬರುತ್ತಿದ್ದುದು ಡೋಲಿಯಲ್ಲಿ. ಇಂದಿನ ಮಕ್ಕಳಿಗೆ ಡೋಲಿ ಎಂದರೆ ಸಿನಿಮಾದ ಮದುವೆ ನೆನಪಾಗಬಹುದು. ಅದಲ್ಲ. ಒಬ್ಬರೋ ಇಬ್ಬರೋ ಕಾಲು ಮಡಿಸಿ ಕೂರಬಹುದಾದ ಸಣ್ಣ ಪೆಟ್ಟಿಗೆಯಂಥ ಪಲ್ಲಕ್ಕಿ, ನಾಲ್ಕೂ ಕಡೆ ಪರದೆ, ಹೊರಲು ಕಹಾರರು. ಮನೆಯ ಬಾಗಿಲಲ್ಲಿ ಡೋಲಿ ಇಳಿಸಿ ಹೊರುವವರು ಪಕ್ಕಕ್ಕೆ ಸರಿದು ನಿಲ್ಲಬೇಕು, ಹುಡುಗಿ ಒಳಗೆ ಕುಳಿತ ಮೇಲೆ ಎತ್ತಬೇಕು, ಶಾಲೆಯ ಅಂಗಳದಲ್ಲಿ ಮತ್ತೆ ಹಾಗೆಯೇ. ಈ ಕೂಲಿ ಬಡ ಶಾಲೆಗೆ ಸಣ್ಣ ಖರ್ಚಲ್ಲ. ನಮ್ಮ ಕಡೆಯೂ ಅಜ್ಜಿಯರ ಕಾಲದಲ್ಲಿ ಜಟಕಾ ಗಾಡಿಗೆ ಚಾದರ ಕಟ್ಟಿಕೊಂಡು ಹೋಗುತ್ತಿದ್ದರು. ಆದರೆ ಆ ಚಾದರದ ಗಾಡಿ ಹೋಗುತ್ತಿದ್ದುದು ಮದುವೆಮನೆಗೆ, ಸಾವಿನ ಮನೆಗೆ, ಹೆರಿಗೆಗೆ. ಅಲಿಗಢದಲ್ಲಿ ಅದೇ ಪರದೆಯೊಳಗೆ ಕುಳಿತ ಮಗು ಸ್ಲೇಟು ಹಿಡಿದುಕೊಂಡು ಹೋಗುತ್ತಿತ್ತು.

ಶಾಲೆಯನ್ನು ಶೇಖ್ ಸಾಹೇಬರು ನಡೆಸಿದರು ಎಂದು ಚರಿತ್ರೆ ಬರೆಯುವವರು ಬರೆಯುತ್ತಾರೆ. ಚಂದಾ ಎತ್ತಿದ್ದು, ಸರ್ಕಾರಕ್ಕೆ ಅರ್ಜಿ ಬರೆದದ್ದು, ಟೀಕೆಗೆ ಉತ್ತರ ಕೊಟ್ಟದ್ದು ಅವರೇ, ನಿಜ. ಆದರೆ ಸ್ವಲ್ಪ ಯೋಚಿಸಿ. ಆ ಕಾಲದಲ್ಲಿ ಒಬ್ಬ ಗಂಡಸು ಇನ್ನೊಬ್ಬರ ಮನೆಯ ಜನಾನಾಕ್ಕೆ ಹೋಗಿ ತಾಯಿಯೊಂದಿಗೆ ಮಾತಾಡಲು ಸಾಧ್ಯವೇ? ತಂದೆ ಹೂಂ ಎಂದರೂ ತಾಯಿ, ಅಜ್ಜಿ ಒಪ್ಪದಿದ್ದರೆ ಡೋಲಿ ಖಾಲಿಯೇ ವಾಪಸು. ಆ ಒಳಮನೆಯ ಕೆಲಸ ಬೇಗಂ ಅವರದು. ಹೆಂಗಸರನ್ನು ಕಾಣುವುದು, ಅನುಮಾನ ಕೇಳಿಸಿಕೊಳ್ಳುವುದು, ಮಗುವನ್ನು ಶಾಲೆಯಲ್ಲಿ ಕಣ್ಣಿಟ್ಟು ನೋಡಿಕೊಳ್ಳುವುದು. ಇಂಥ ಕೆಲಸಕ್ಕೆ ದಾಖಲೆ ಉಳಿಯುವುದಿಲ್ಲ, ವರದಿಯಲ್ಲಿ ಬರುವುದಿಲ್ಲ.

ಶಾಲೆ ಬೆಳೆದ ಹಾಗೆ ಇನ್ನೊಂದು ಕಷ್ಟ ಬಂತು. ಊರಿನ ಹುಡುಗಿಯರಿಗೆ ಡೋಲಿ ಸರಿ, ಬೇರೆ ಊರಿನವರಿಗೆ? ಅಲ್ಲದೆ ಹುಡುಗಿ ಹನ್ನೊಂದು ಹನ್ನೆರಡಕ್ಕೆ ಬಂದಳೆಂದರೆ ಡೋಲಿಯಿದ್ದರೂ ಮನೆಯವರು ಕಳಿಸುತ್ತಿರಲಿಲ್ಲ. ಹೈಸ್ಕೂಲು, ಕಾಲೇಜು ಆಗಬೇಕಾದರೆ ಹಾಸ್ಟೆಲ್ ಬೇಕೇಬೇಕು. ಊರಾಚೆ ಜಾಗ ಕೊಂಡರು, 1911ರಲ್ಲಿ ಅಡಿಗಲ್ಲು ಬಿತ್ತು, ಎತ್ತರದ ಕಾಂಪೌಂಡಿನ ಒಳಗೆ ಕಟ್ಟಡ ಎದ್ದಿತು. 1914ರ ಮಾರ್ಚ್ 1ರಂದು ಭೋಪಾಲದ ಬೇಗಂ ಸಾಹಿಬಾ ತಾವೇ ಬಂದು ಉದ್ಘಾಟಿಸಿದರು. ಅದೇ ವರ್ಷ ಅಲಿಗಢದಲ್ಲಿ ಮುಸ್ಲಿಂ ಮಹಿಳೆಯರ ಸಮ್ಮೇಳನ ನಡೆದು ಅಂಜುಮನೆ ಖವಾತೀನೆ ಇಸ್ಲಾಂ ಎಂಬ ಸಂಘಟನೆಯೂ ಹುಟ್ಟಿತು. ಎಲ್ಲ ಆಯಿತು. ಆದರೆ ಹಾಸ್ಟೆಲ್ಲಿಗೆ ಮಕ್ಕಳನ್ನು ಯಾರು ಕಳಿಸುತ್ತಾರೆ?

ದಿನಕ್ಕೆ ನಾಲ್ಕು ಗಂಟೆ ಡೋಲಿಯಲ್ಲಿ ಹೋಗಿಬರುವುದೇ ದೊಡ್ಡ ಮಾತಾಗಿದ್ದ ಕಾಲ. ರಾತ್ರಿ ಮಗಳು ಪರರ ಕಟ್ಟಡದಲ್ಲಿ ಮಲಗುವುದೆಂದರೆ ಮರ್ಯಾದಸ್ತರ ಮನೆಯಲ್ಲಿ ಉಸಿರೆತ್ತುವ ಹಾಗಿರಲಿಲ್ಲ. ಈಗ ಬೇಗಂ ಅವರು ಮಾಡಿದ್ದನ್ನು ಓದಿದಾಗ ನಾವು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಅವರು ವಾದ ಮಾಡಲಿಲ್ಲ. ವಕೀಲರ ದೊಡ್ಡ ಮನೆ, ಆಳುಕಾಳು, ಅನುಕೂಲ ಎಲ್ಲ ಬಿಟ್ಟು ಸ್ವಂತ ಹೆಣ್ಣುಮಕ್ಕಳನ್ನು ಕರೆದುಕೊಂಡು ಆ ಹಾಸ್ಟೆಲ್ಲಿಗೆ ಬಂದು ಇದ್ದರು. ಮೊದಲು ಸೇರಿದ ಹುಡುಗಿಯರಲ್ಲಿ ಅವರ ಮಕ್ಕಳು, ಹತ್ತಿರದ ಬಂಧುಗಳ ಮಕ್ಕಳು. ಹುಡುಗಿಯರು ಉಂಡದ್ದನ್ನೇ ಅವರೂ ಉಂಡರು. ಜ್ವರ ಬಂದವಳ ಹಾಸಿಗೆಯ ಪಕ್ಕ ಕೂತರು. ಈಗ ಯಾವ ತಾಯಿಯಾದರೂ "ಅಲ್ಲಿ ರಾತ್ರಿ ಯಾರಿರುತ್ತಾರೆ?" ಎಂದು ಕೇಳಿದರೆ ಉತ್ತರ ಸಿದ್ಧವಾಗಿತ್ತು. ಶೇಖ್ ಸಾಹೇಬರ ಬೇಗಂ ಇರುತ್ತಾರೆ, ಅವರ ಹೆಣ್ಣುಮಕ್ಕಳೂ ಇರುತ್ತಾರೆ.

ಹುಡುಗಿಯರು ಅವರನ್ನು ಆಲಾ ಬೀ ಎಂದು ಕರೆದರು. ಶೇಖ್ ಸಾಹೇಬರು ಪಾಪಾ ಮಿಯಾ ಆದರು. ಪ್ರಿನ್ಸಿಪಾಲ್, ಸೆಕ್ರೆಟರಿ, ಸೂಪರಿಂಟೆಂಡೆಂಟ್ ಎಂಬ ಹುದ್ದೆಯ ಹೆಸರುಗಳು ಕಾಗದದಲ್ಲಿ ಉಳಿದವು, ಮಕ್ಕಳ ಬಾಯಲ್ಲಿ ಮನೆಯ ಹೆಸರು ನಿಂತವು. ಆಲಾ ಬೀ ಶಿಸ್ತಿನ ಮನುಷ್ಯರು, ಸಲಿಗೆ ಕೊಟ್ಟು ಕೆಡಿಸಿದವರಲ್ಲ. ಶಿಸ್ತು ಇತ್ತೆಂದೇ ತಂದೆತಾಯಿಯರು ನಂಬಿದರು, ಪ್ರೀತಿ ಇತ್ತೆಂದೇ ಮಕ್ಕಳು ನಿಂತರು.

ಹಾಸ್ಟೆಲ್ ತುಂಬಿದ ಮೇಲೆ ಉಳಿದದ್ದು ಬೇಗ ಬೇಗ ಆಯಿತು. ಶಾಲೆ ಹೈಸ್ಕೂಲಾಯಿತು, 1920ರ ದಶಕದಲ್ಲಿ ಇಂಟರ್ಮೀಡಿಯೆಟ್ ಕಾಲೇಜಾಯಿತು. ಇಂಟರ್ಮೀಡಿಯೆಟ್ ಎಂದರೆ ಇಂದಿನ ನಮ್ಮ ಪಿಯುಸಿ, ನಮ್ಮ ಹಿರಿಯರು ಜೂನಿಯರ್ ಕಾಲೇಜು ಎನ್ನುತ್ತಿದ್ದುದು. 1930ರ ದಶಕದಲ್ಲಿ ಪದವಿ ತರಗತಿಗಳೂ ಬಂದು, ಅದು ಮುಸ್ಲಿಂ ವಿಶ್ವವಿದ್ಯಾಲಯದ ಮಹಿಳಾ ಕಾಲೇಜಾಯಿತು. ಆ ಇಂಟರ್ಮೀಡಿಯೆಟ್ ಕಾಲೇಜಿನ ಪ್ರಾಂಶುಪಾಲೆಯಾಗಿ ಕುಳಿತವರು ಬೇರೆಯವರಲ್ಲ, ಆಲಾ ಬೀಯವರ ಮಗಳು ಖಾತೂನ್ ಜಹಾನ್. ಅಮ್ಮನ ಜೊತೆ ಹಾಸ್ಟೆಲ್ಲಿಗೆ ಬಂದ ಹುಡುಗಿಯರು ಓದಿ, ಅದೇ ಆವರಣಕ್ಕೆ ಮುಖ್ಯಸ್ಥರಾಗಿ ಮರಳಿದರು.

ಪದವಿಪೂರ್ವ ಹಂತವೇ ಎಲ್ಲ ಕಡೆಯೂ ಕಷ್ಟದ ಮೆಟ್ಟಿಲು. ಮೈಸೂರಿನ ಚರಿತ್ರೆಯಲ್ಲೂ ಹಾಗೆಯೇ. ಅಲ್ಲಿ ಅರಮನೆಯ ಬೆಂಬಲದಿಂದ ಅಂಬಳೆ ನರಸಿಂಹ ಅಯ್ಯಂಗಾರರು 1881ರಲ್ಲಿ ಆರಂಭಿಸಿದ ಮಹಾರಾಣಿ ಬಾಲಿಕಾ ಶಾಲೆ ಕಾಲೇಜಾಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಮಹಾರಾಜರೇ ಹಿಂದೆ ನಿಂತ ಶಾಲೆಗೇ ಹೀಗೆ. ಕಲಬುರಗಿ, ರಾಯಚೂರು, ಬೀದರ್ ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಆ ರಾಜ್ಯದ ರಾಜಧಾನಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಹಿಳಾ ಕಾಲೇಜು 1924ರಲ್ಲಿ ಇಂಟರ್ಮೀಡಿಯೆಟ್ ತರಗತಿಯಿಂದಲೇ ಶುರುವಾಯಿತು, ಏಳೇ ಏಳು ವಿದ್ಯಾರ್ಥಿನಿಯರೊಂದಿಗೆ. ಅಲ್ಲಿಂದ ಲೆಕ್ಕ ಹಾಕಿ ನೋಡಿ: 2003ರಲ್ಲಿ ನಮ್ಮ ಕರ್ನಾಟಕದ ಮಹಿಳಾ ವಿಶ್ವವಿದ್ಯಾಲಯ ವಿಜಯಪುರದಲ್ಲಿ ಆರಂಭವಾದಾಗ ಅದರ ಮೊದಲ ಕುಲಪತಿಯಾದವರು ಪ್ರೊ. ಸಯೀದಾ ಅಖ್ತರ್. ಈ ಹೆಸರನ್ನು ನಮ್ಮ ಮದ್ರಸಾದ ಹುಡುಗಿಯರಿಗೆ ಹೇಳಿದಾಗ ಒಬ್ಬಳಿಗೂ ಗೊತ್ತಿರಲಿಲ್ಲ. ತಪ್ಪು ಅವರದಲ್ಲ, ಹೇಳದ ನಮ್ಮದು.

ಅಲಿಗಢಕ್ಕೆ ಮರಳೋಣ. ಎಲ್ಲವೂ ಸಿಹಿಯಾಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಆಲಾ ಬೀಯವರ ಇನ್ನೊಬ್ಬ ಮಗಳು ರಶೀದ್ ಜಹಾನ್, 1905ರಲ್ಲಿ ಹುಟ್ಟಿದವರು, ಅಲಿಗಢದಲ್ಲಿ ಓದಿ, ಲಕ್ನೋದಲ್ಲಿ ಓದಿ, ದಿಲ್ಲಿಯ ಲೇಡಿ ಹಾರ್ಡಿಂಜ್ ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರಾದರು. 1932ರಲ್ಲಿ 'ಅಂಗಾರೆ' ಎಂಬ ಕಥಾಸಂಕಲನದಲ್ಲಿ ಅವರ ಬರಹವೂ ಬಂತು. ಪುಸ್ತಕದ ವಿರುದ್ಧ ದೊಡ್ಡ ಗಲಾಟೆಯಾಗಿ 1933ರಲ್ಲಿ ಸರ್ಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. ಶೇಖ್ ದಂಪತಿಗಳ ಕಾಲೇಜನ್ನೂ ಜನ ಬೈದರು. ನೋಡಿ, ಓದಿಸಿದರೆ ಹೀಗಾಗುತ್ತದೆ ಎನ್ನುವವರಿಗೆ ಒಂದು ಉದಾಹರಣೆ ಸಿಕ್ಕಿತು. ಆ ಪುಸ್ತಕದ ಧರ್ಮದ ಬಗೆಗಿನ ಧಾಟಿ ನಮಗೂ ಒಪ್ಪಿಗೆಯಿಲ್ಲ, ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಆದರೆ ಅದೇ ಹೆಣ್ಣುಮಗಳು ಡಾಕ್ಟರಾಗಿ, ಗಂಡಸು ವೈದ್ಯನ ಮುಂದೆ ಕಾಯಿಲೆ ಹೇಳಿಕೊಳ್ಳಲಾಗದೆ ನರಳುತ್ತಿದ್ದ ಬಡ ಹೆಂಗಸರ ನಾಡಿ ಹಿಡಿದು ನೋಡಿದರು. ನಮ್ಮ ಮನೆಯ ಹೆಂಗಸರಿಗೆ ಲೇಡಿ ಡಾಕ್ಟರೇ ಬೇಕು ಎನ್ನುತ್ತೇವೆ. ಆ ಲೇಡಿ ಡಾಕ್ಟರು ಯಾರ ಮನೆಯಿಂದ ಬರಬೇಕು ಎಂದು ಕೇಳಿದರೆ ಸುಮ್ಮನಾಗುತ್ತೇವೆ. ಇನ್ನು, ಒಬ್ಬ ವಿದ್ಯಾರ್ಥಿನಿಯ ಬರಹಕ್ಕಾಗಿ ಶಾಲೆಯ ಬಾಗಿಲು ಮುಚ್ಚುವುದಾದರೆ, ಒಬ್ಬ ಕೆಟ್ಟ ವಕೀಲನಿಗಾಗಿ ಗಂಡುಮಕ್ಕಳ ಕಾಲೇಜನ್ನೂ ಮುಚ್ಚಬೇಕಾಗುತ್ತಿತ್ತು. ಅದನ್ನು ಯಾರೂ ಹೇಳಲಿಲ್ಲ.

ಆಲಾ ಬೀ 1939ರಲ್ಲಿ ತೀರಿಕೊಂಡರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಬಾಡಿಗೆ ಮನೆಯ ಶಾಲೆ ಕಾಲೇಜಾದದ್ದನ್ನು ಕಣ್ಣಾರೆ ಕಂಡು ಹೋದರು. ಮುಂದಿನ ಹೊಣೆ ಇನ್ನೊಬ್ಬ ಮಗಳು ಮುಮ್ತಾಝ್ ಜಹಾನ್ ಹೈದರ್ ಅವರ ಹೆಗಲಿಗೆ ಬಂತು. ಪ್ರಾಂಶುಪಾಲೆಯಾಗಿ ಅವರು ಬಹಳ ವರ್ಷ ದುಡಿದರು, ಅದರಲ್ಲಿ ಅತ್ಯಂತ ಕಠಿಣವಾದದ್ದು 1947ರ ಆಸುಪಾಸು.

ದೇಶ ಒಡೆಯಿತು. ಅಲಿಗಢದ ಮೇಲೆ ಎಲ್ಲ ಕಡೆಯಿಂದ ಅನುಮಾನದ ಕಣ್ಣು. ಓದಿದ ಮನೆತನಗಳು ಎಷ್ಟೋ ಗಡಿ ದಾಟಿದವು. ಹುಡುಗರ ವಸತಿಗಳೇ ಖಾಲಿಯಾಗುತ್ತಿದ್ದಾಗ ಹುಡುಗಿಯರ ಹಾಸ್ಟೆಲ್ಲಿನ ಗತಿಯೇನು ಎಂದು ಊಹಿಸಿ. ಅವರ ಒಡಹುಟ್ಟಿದ ತಂಗಿ ಖುರ್ಷೀದ್ ಕೂಡ ಪಾಕಿಸ್ತಾನಕ್ಕೆ ಹೋದರು. ಮುಮ್ತಾಝ್ ಜಹಾನ್ ಹೋಗಲಿಲ್ಲ. ತಂದೆಯೂ ಹೋಗಲಿಲ್ಲ. 1948ರಲ್ಲಿ ಡಾ. ಝಾಕಿರ್ ಹುಸೇನ್ ಕುಲಪತಿಯಾಗಿ ಬಂದು ವಿಶ್ವವಿದ್ಯಾಲಯವನ್ನು ಮತ್ತೆ ಎತ್ತಿ ನಿಲ್ಲಿಸಿದ ಚರಿತ್ರೆಯನ್ನು ಎಲ್ಲರೂ ಬರೆಯುತ್ತಾರೆ. ಅದೇ ವರ್ಷಗಳಲ್ಲಿ ಮಹಿಳಾ ಕಾಲೇಜಿನ ಬಾಗಿಲು ಮುಚ್ಚದೆ ಉಳಿದದ್ದು ಒಬ್ಬ ಪ್ರಾಂಶುಪಾಲೆ ತನ್ನ ಜಾಗದಲ್ಲಿ ಕದಲದೆ ಕೂತದ್ದರಿಂದ. ತಾಯಿ ಮನೆ ಬಿಟ್ಟು ಹಾಸ್ಟೆಲ್ಲಿಗೆ ಬಂದರು. ಮಗಳು ಹಾಸ್ಟೆಲ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ನಮಗೆ ಎರಡೂ ಒಂದೇ ಕೆಲಸದ ಹಾಗೆ ಕಾಣುತ್ತದೆ.

ಪಾಪಾ ಮಿಯಾ ಬಹಳ ಕಾಲ ಬದುಕಿದರು. ಭಾರತ ಸರ್ಕಾರ 1964ರಲ್ಲಿ ಪದ್ಮಭೂಷಣ ಕೊಟ್ಟಿತು, 1965ರಲ್ಲಿ ಅವರು ನಿಧನರಾದರು. ಮಹಿಳಾ ಕಾಲೇಜಿನ ವಸತಿಗೆ ಇಂದಿಗೂ ಅಬ್ದುಲ್ಲಾ ಹಾಲ್ ಎಂದು ಹೆಸರು. ಹೆಂಡತಿ ತೀರಿಕೊಂಡ ಮೇಲೆ ಅವರು ಬೇಗಂ ಅವರ ಜೀವನಚರಿತ್ರೆಯನ್ನು ಉರ್ದುವಿನಲ್ಲಿ ಬರೆದು ಪ್ರಕಟಿಸಿದರು. ಪದ್ಮಭೂಷಣಕ್ಕಿಂತ ಈ ಒಂದು ಕೆಲಸಕ್ಕೇ ನಮಗೆ ಅವರ ಮೇಲೆ ಗೌರವ ಹೆಚ್ಚು. ಸಮುದಾಯಕ್ಕೆ ದುಡಿದ ಎಷ್ಟು ಗಂಡಸರು ಹೆಂಡತಿಯ ಪಾಲನ್ನು ಹೀಗೆ ಬರೆದಿಟ್ಟಿದ್ದಾರೆ?

ದೀನಿನಲ್ಲಿ ಇದು ಹೊಸದೇನಲ್ಲ. ಗಂಡಸರೇ ನಿಮ್ಮ ಸುತ್ತ ತುಂಬಿರುತ್ತಾರೆ, ನಮಗೂ ಒಂದು ದಿನ ಕೊಡಿ ಎಂದು ಮದೀನಾದ ಸಹಾಬಿ ಮಹಿಳೆಯರು ಪ್ರವಾದಿ(ಸ) ಅವರನ್ನು ಕೇಳಿಕೊಂಡರು, ಅವರು ಕೊಟ್ಟರು. ಉಮ್ಮುಲ್ ಮುಅಮಿನೀನ್ ಹಫ್ಸಾ(ರ) ಅವರಿಗೆ ಬರವಣಿಗೆ ಕಲಿಸಿದವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ಮಹಿಳೆ. ಮದ್ರಸಾದಲ್ಲಿ ನಾವು ಈ ಹದೀಸುಗಳನ್ನು ಓದಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು. ಓದುವುದು ಬೇರೆ.

ಈಗ ನಮ್ಮ ತಪ್ಪೊಂದನ್ನು ಹೇಳಬೇಕು. ಆ ಜುಮಾದಂದು ಆಲಾ ಬೀಯವರ ಹೆಸರು ನಮ್ಮ ಬಾಯಿಗೆ ಬಂದದ್ದೇ ಅದರಿಂದ.

ಸುಮಾರು ಇಪ್ಪತ್ತು ವರ್ಷದ ಹಿಂದಿನ ಮಾತು. ನಾವು ಇಮಾಮತಿಗೆ ಹೊಸಬರು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬ ತಂದೆ ಅಸರ್ ನಮಾಝ್ ಆದ ಮೇಲೆ ಬಂದು ಕೂತರು. ಭಟ್ಟಿಯ ಹೊಗೆಗೆ ಕಣ್ಣು ಕೆಂಪಾಗಿದ್ದವು. ಮಗಳು ಪಿಯುಸಿ ಒಳ್ಳೆಯ ಅಂಕದಲ್ಲಿ ಪಾಸು. ಟೀಚರ್ ಟ್ರೈನಿಂಗಿಗೆ ಬೇರೆ ಜಿಲ್ಲೆಯಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ಲಿನಲ್ಲಿ ಇರಬೇಕು. "ಹಜರತ್, ಕಳಿಸಬಹುದಾ? ಮನೇಲಿ ಎಲ್ಲಾ ಬೇಡ ಅಂತಾರೆ. ನೀವು ಹೂಂ ಅಂದ್ರೆ ಕಳಿಸ್ತೀನಿ" ಎಂದರು. ನಾವು ಒಂದು ನಿಮಿಷವೂ ಯೋಚಿಸಲಿಲ್ಲ. ಕಾಲ ಸರಿಯಿಲ್ಲ ಭಾಯಿ, ಹೆಣ್ಣುಮಗು, ದೂರದ ಊರು, ಇಲ್ಲೇ ಏನಾದರೂ ಓದಿಸಿ ಎಂದೆವು. ಯಾವ ಹಾಸ್ಟೆಲ್ ಎಂದು ಕೇಳಲಿಲ್ಲ. ಅಲ್ಲಿ ಯಾರಿದ್ದಾರೆ ಎಂದು ವಿಚಾರಿಸಲಿಲ್ಲ. ಅವರು "ಸರಿ ಹಜರತ್" ಎಂದು ಎದ್ದು ಹೋದರು. ಇಲ್ಲೇ ಏನೂ ಓದಿಸಲಿಲ್ಲ. ಮು಩ದಿನ ವರ್ಷ ಆ ಹುಡುಗಿಯ ನಿಕಾಹ್ ಓದಿಸಿದವರೂ ನಾವೇ, ಹರಿಹರದ ಕಡೆಗೆ ಕೊಟ್ಟರು.

ಆ ತಂದೆ ಈಗಿಲ್ಲ. ಅಲ್ಲಾಹನು ಅವರಿಗೆ ಮಗ್‌ಫಿರತ್ ನೀಡಲಿ. ಈ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಒಬ್ಬ ಹೆಣ್ಣುಮಗಳು ನಮ್ಮ ಮನೆಗೆ ಬಂದು ನಮ್ಮ ಮನೆಯವರೊಂದಿಗೆ ಬಹಳ ಹೊತ್ತು ಮಾತಾಡಿ ಹೋದರು. ಅದೇ ಹುಡುಗಿ. ಅವರ ಮಗಳಿಗೆ ಒಳ್ಳೆಯ ಅಂಕ ಬಂದಿದೆ, ಹೊರ ಜಿಲ್ಲೆಯ ವಸತಿ ಪಿಯು ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೀಟು ಸಿಕ್ಕಿದೆ. ಅವರು ಕಳಿಸಬಹುದಾ ಎಂದು ಕೇಳಲು ಬಂದಿರಲಿಲ್ಲ. "ಆಪಾ, ಕಳಿಸೋದು ಅಂತ ನಾನು ಮನಸ್ಸು ಮಾಡಿ ಆಗಿದೆ. ಹಜರತ್ ಅವರ ಕಿವಿಗೆ ಹಾಕಿರಿ. ನಮ್ಮತ್ತೆಯವರು ಬಂದು ಕೇಳಿದ್ರೆ ಅವರು ಬೇಡ ಅನ್ನದೇ ಇದ್ರೆ ಸಾಕು" ಎಂದರಂತೆ. ಒಳಕೋಣೆಯಲ್ಲಿ ಕಿತಾಬು ಹಿಡಿದು ಕೂತಿದ್ದ ನಮಗೆ ಆ ಮಾತು ಕೇಳಿಸಿತು. ನಮ್ಮ ಮೇಲೆ ಅವರಿಗೆ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ದಿನ ಬಿಟ್ಟು ಅತ್ತೆಯವರು ಮಗನೊಂದಿಗೆ ಬಂದರು, ಹರಿಹರದಿಂದ ಬಸ್ಸಿನಲ್ಲಿ. ಹಿರಿಯರು, ಒಳ್ಳೆಯ ಮನುಷ್ಯರು, ಮೊಮ್ಮಗಳ ಮೇಲೆ ಜೀವ. ಅವರ ಪ್ರಶ್ನೆ ಒಂದೇ: ಅಲ್ಲಿ ರಾತ್ರಿ ಯಾರಿರುತ್ತಾರೆ? ಇಪ್ಪತ್ತು ವರ್ಷದ ಹಿಂದೆ ನಾವು ಕೇಳದೇ ಬಿಟ್ಟ ಪ್ರಶ್ನೆ ಅದೇ. ನಾವು ಬೇಡ ಅನ್ನಲಿಲ್ಲ, ಬರೀ ಹೂಂ ಎಂದೂ ಹೇಳಲಿಲ್ಲ. ನಮಗೂ ಗೊತ್ತಿಲ್ಲ ಅಮ್ಮಾ, ಹೋಗಿ ನೋಡೋಣ ಎಂದೆವು.

ಬರುವ ಭಾನುವಾರ ನಮ್ಮ ಮನೆಯವರು, ಆ ತಾಯಿ, ಅತ್ತೆಯವರು ಮೂವರೂ ಬೆಳಗಿನ ಬಸ್ಸಿಗೆ ಹಾಸ್ಟೆಲ್ ನೋಡಲು ಹೊರಡುತ್ತಿದ್ದಾರೆ. ಕೇಳಬೇಕಾದದ್ದನ್ನೆಲ್ಲ ನಮ್ಮ ಮನೆಯವರು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಾರೆ. ಸ್ನಾನದ ಮನೆಗೆ ಒಳಗಿನಿಂದ ಚಿಲಕ ಉಂಟೇ, ನಮಾಝಿಗೆ ಜಾಗ ಎಲ್ಲಿ, ಹುಷಾರಿಲ್ಲದಿದ್ದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ, ಮನೆಗೆ ಫೋನ್ ಮಾಡಲು ಬಿಡುತ್ತಾರೆಯೇ. ಎಲ್ಲಕ್ಕಿಂತ ಮೇಲೆ ಬರೆದುಕೊಂಡಿರುವುದು, ವಾರ್ಡನ್ ಅಮ್ಮ ರಾತ್ರಿ ಅಲ್ಲೇ ಮಲಗುತ್ತಾರೆಯೇ ಎಂದು.